ದೊಡ್ಡಮ್ಮನ ವೈರಿಂಗ್

ದೊಡ್ಡಮ್ಮನಿಗೆ ಬೆಂಕಿ ಹತ್ತಿದ ಮರುದಿನವೇ ಮನೆಯವರೆಲ್ಲ ಸೇರಿ ತಪ್ಪು ಯಾರದೆಂದು ತೀರ್ಮಾನಿಸಿಬಿಟ್ಟರು. ಆ ತೀರ್ಮಾನ ಆಗುವಷ್ಟು ಹೊತ್ತೂ ಮೇಷ್ಟ್ರು ಊಟದ ಮೇಜಿನ ತುದಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು.

ದೊಡ್ಡಮ್ಮ ಎಂದರೆ ಮನೆಯ ಹಳೆಯ ಕಾರು. ಕೆನೆ ಬಣ್ಣ, ದುಂಡನೆಯ ಮೈ, ಏರು ಬಂದರೆ ಏದುಸಿರು; ಹೆಸರು ತಾನಾಗಿಯೇ ಬಿದ್ದಿತ್ತು. ಮೇಷ್ಟ್ರು ತರುಣರಾಗಿದ್ದಾಗ ಅದನ್ನು ಗುಜರಿಯವನ ಅಂಗಳದಿಂದ ಎಳೆದು ತಂದು, ಒಂದೊಂದೇ ನಟ್ಟು ಬೋಲ್ಟು ಕೂಡಿಸಿ ರಸ್ತೆಗಿಳಿಸಿದ್ದರು. ಈಗ ಅದನ್ನು ಓಡಿಸುತ್ತಿದ್ದವಳು ಅವರ ಸೊಸೆ. ಹಳೆಯ ಕಾರಿನಲ್ಲಿ ಕೂತು ಮದುವೆಗೆ ಹೋಗಬೇಕು, ಫೋಟೋ ತೆಗೆಸಿಕೊಳ್ಳಬೇಕು ಎನ್ನುವ ಮದುಮಕ್ಕಳು ಬೇಕಾದಷ್ಟಿದ್ದರು; ವಾರಕ್ಕೊಂದಾದರೂ ಬಾಡಿಗೆ ಬರುತ್ತಿತ್ತು. ಬಾಡಿಗೆ ಇದ್ದ ದಿನ ಅವಳು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಡುತ್ತಿದ್ದಳು. ಆ ಮನೆಯಲ್ಲಿ ಅವಳದೇ ಎನ್ನುವ ಕೆಲಸ ಅದೊಂದೇ. ಪಾತ್ರೆ, ಬಟ್ಟೆ, ಅಡುಗೆ ಮುಂತಾದವೆಲ್ಲ ಎಲ್ಲರ ಕೆಲಸಗಳಾಗಿದ್ದು ಅವಳ ಪಾಲಿಗೆ ಬಂದಂಥವು.

ಗುರುವಾರ ಸಂಜೆ ಅವಳು ಶಾಲೆಯಿಂದ ಮಗಳನ್ನು ಕರೆತರುವಾಗ, ಸಿಗ್ನಲ್ಲಿನಲ್ಲಿ ನಿಂತಿದ್ದ ಕಾರಿನ ಡ್ಯಾಶ್‌ಬೋರ್ಡಿನ ಅಡಿಯಿಂದ ಹೊಗೆ ಬಂತು. ಒಂಬತ್ತು ವರ್ಷದ ಆ ಮಗಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಅವಳನ್ನು ಹಿಂದಿನ ಸೀಟಿನಿಂದ ಎಳೆದು ಫುಟ್‌ಪಾತಿಗೆ ತರುವಷ್ಟರಲ್ಲಿ ಉರಿ ಎದ್ದಿತ್ತು. ಎದುರಿನ ಬೇಕರಿಯವನು ಮರಳಿನ ಬಕೆಟ್ ತಂದು ಸುರಿದ. ಯಾರಿಗೂ ಏನೂ ಆಗಲಿಲ್ಲ. ಮುಂದಿನ ಸೀಟಿನಲ್ಲಿದ್ದ ಗುಬ್ಬಿಯ ಚೀಲ ಕರಕಲಾಯಿತು. ಬ್ಯಾಟರಿಯಿಂದ ದೀಪ, ಹಾರನ್, ವೈಪರ್ ತನಕ ಹೆಣೆದ ಜಡೆಯ ಹಾಗೆ ಹೋಗುವ ಇಡೀ ವೈರಿಂಗ್ ಸೆಟ್ಟು ಕರಗಿ ಮುದ್ದೆಯಾಯಿತು.

ಆಗ ಅಮ್ಮನ ಫೋನು ಚಾರ್ಜಿಗೆ ಹಾಕಿತ್ತು ಎಂದು ಗುಬ್ಬಿ ಹೇಳಿದಳು. ಅಷ್ಟು ಸಾಕಾಯಿತು.

"ಆ ಚಾರ್ಜರ್ ಎಲ್ಲಿ ತಗೊಂಡಿದ್ದು?" ಎಂದು ಮೇಷ್ಟ್ರ ಮಗ ಹೆಂಡತಿಯನ್ನು ಕೇಳಿದ. ಅವನು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು; ಏನನ್ನು ಕೇಳಿದರೂ ಚೀಟಿ ಓದಿದ ಹಾಗೆ ಕೇಳುತ್ತಿದ್ದ.

"ಬಸ್ ಸ್ಟ್ಯಾಂಡ್ ಹತ್ರ."

"ಅಂದ್ರೆ ಫುಟ್‌ಪಾತಲ್ಲಿ. ಒಳ್ಳೇದು ತಗೋ ಅಂತ ಹೇಳಿದ್ದೆ. ನಿನ್ನೆ ಮಗು ಹೋಗಿಬಿಡ್ತಿತ್ತು."

ಸೊಸೆಯ ಕೈಯಲ್ಲಿದ್ದ ಒರೆಸುವ ಬಟ್ಟೆ ಒರೆಸಿದ ಜಾಗವನ್ನೇ ಒರೆಸುತ್ತಿತ್ತು. ಕಾರಿನ ಕೀ ಇನ್ನು ಮೇಲೆ ತಮ್ಮ ಬೀರುವಿನಲ್ಲಿರುತ್ತದೆ ಎಂದು ಮೇಷ್ಟ್ರ ಹೆಂಡತಿ ಸಾರಿದರು. ಮಗ ಆಮೇಲೆ ತಂದೆಯ ಕಡೆ ತಿರುಗಿದ.

"ಅಪ್ಪ, ಆ ಚಾರ್ಜಿಂಗ್ ಪಾಯಿಂಟ್ ಹಾಕಿಕೊಟ್ಟಿದ್ದು ನೀವಲ್ವಾ? ಅದಕ್ಕೆ ಫ್ಯೂಸ್ ಇತ್ತು ತಾನೆ?"

"ಫ್ಯೂಸ್ ಇಲ್ದೆ ನಾನು ಯಾವತ್ತಾದ್ರೂ ಕೆಲಸ ಮಾಡಿದ್ದುಂಟಾ?" ಎಂದರು ಮೇಷ್ಟ್ರು.

ಇದು ಸುಳ್ಳಲ್ಲ, ಬರೀ ಒಂದು ಪ್ರಶ್ನೆ. ಮುಂದಿನ ಐದು ವಾರ ಮೇಷ್ಟ್ರು ಈ ಹುಲ್ಲುಕಡ್ಡಿಯನ್ನೇ ಹಿಡಿದು ತೇಲಿದರು.

ನಡೆದದ್ದು ಇಷ್ಟು. ನಾಲ್ಕು ತಿಂಗಳ ಹಿಂದೆ ಸೊಸೆ, ಮದುಮಕ್ಕಳು ಫೋನ್ ಚಾರ್ಜಿಗೆ ಕೇಳ್ತಾರೆ ಮಾವ, ಒಂದು ಪಾಯಿಂಟ್ ಹಾಕಿಕೊಡಿ ಎಂದಿದ್ದಳು. ಮೇಷ್ಟ್ರು ಒಂದು ಬೆಳಿಗ್ಗೆ ಕೂತು ಹಾಕಿದರು. ಎಲ್ಲ ಮುಗಿದು ಫ್ಯೂಸ್ ಕೂರಿಸುವ ಹೋಲ್ಡರಿಗಾಗಿ ಡಬ್ಬಿಗೆ ಕೈ ಹಾಕಿದರೆ ಡಬ್ಬಿ ಖಾಲಿ. ಅಂಗಡಿ ಎರಡು ಬೀದಿ ಆಚೆ. ಒಳಗಿನಿಂದ ಹೆಂಡತಿ ಊಟ ಆರುತ್ತಿದೆ ಎಂದು ಕೂಗಿದರು. ಮೇಷ್ಟ್ರು ಡ್ಯಾಶ್‌ಬೋರ್ಡಿನ ಮೀಟರಿನ ಹಿಂದೆ ಬ್ಯಾಟರಿಯ ಮೇನ್ ವೈರನ್ನು ಸುಲಿದು, ಹೊಸ ವೈರನ್ನು ನೇರವಾಗಿ ಅದಕ್ಕೇ ತಿರುಚಿ, ಟೇಪು ಸುತ್ತಿ, ಫ್ಯೂಸು ನಾಳೆ ಹಾಕಿದರಾಯಿತು ಎಂದು ಕೈ ತೊಳೆದರು. ನಾಳೆ ಎಂದವನ ಮನೆ ಹಾಳು ಎಂದು ಗಾದೆ ಮಾಡಿದವರು ಸುಮ್ಮನೆ ಮಾಡಿಲ್ಲ.

ಈ ಕೆಲಸ ಮಾಡಿದವರಾದರೂ ಯಾರು? ಮೂವತ್ತೊಂದು ವರ್ಷ ಕೈಗಾರಿಕಾ ಶಾಲೆಯಲ್ಲಿ ವಾಹನಗಳ ವೈರಿಂಗ್ ಕಲಿಸಿದವರು. ಫ್ಯೂಸಿಲ್ಲದೆ ವೈರು ಎಳೆಯುವವನ ಕೈಗೆ ಇಕ್ಕಳ ಕೊಡಬಾರದು, ಬೇಡಿ ತೊಡಿಸಬೇಕು ಎಂದು ಪ್ರತಿವರ್ಷ ಮೊದಲ ದಿನವೇ ಬೋರ್ಡಿನ ಮುಂದೆ ನಿಂತು ಹೇಳಿದವರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಬೇರೆಯವರನ್ನು ಆಡಿಕೊಂಡು ನಕ್ಕವರು.

ಬೆಂಕಿಯ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋಗಿ ಡ್ಯಾಶ್‌ಬೋರ್ಡು ಎತ್ತಿ ನೋಡಿದಾಗಲೇ ಅವರಿಗೆ ಎಲ್ಲವೂ ಗೊತ್ತಾಗಿತ್ತು. ತಾವು ಎಳೆದ ವೈರು ಕಬ್ಬಿಣದ ಪಟ್ಟಿಯ ಅಂಚಿಗೆ ಉಜ್ಜಿ ಉಜ್ಜಿ ತಾಮ್ರ ಹೊರಬಂದಿತ್ತು. ಫ್ಯೂಸೊಂದು ಇದ್ದಿದ್ದರೆ ಅದು ಸುಟ್ಟು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪಾಪದ ಚಾರ್ಜರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆ ಮಧ್ಯಾಹ್ನ ಬರೆ ಬಿದ್ದದ್ದು ಸೊಸೆಗೆ, ಹಾಕುವುದನ್ನು ನೋಡುತ್ತ ಕೂತದ್ದು ಮೇಷ್ಟ್ರು. ಅವರಿಗೆ ನಾಚಿಕೆಯಾಯಿತು. ಆದರೆ ನಾಚಿಕೆ ಬಾಯಿ ತೆರೆಸುವ ಬದಲು ಇನ್ನಷ್ಟು ಬಿಗಿಯಾಗಿ ಮುಚ್ಚಿಸಿತು.

ಎರಡನೆಯ ವಾರಕ್ಕೆ ಮನೆ ಹೊಸ ಏರ್ಪಾಡಿಗೆ ಒಗ್ಗಿಕೊಂಡಿತು. ಗುಬ್ಬಿಯನ್ನು ಶಾಲೆಗೆ ಅಜ್ಜಿ ನಡೆಸಿಕೊಂಡು ಹೋಗುತ್ತಿದ್ದರು. ಅಮ್ಮನ ಜೊತೆ ಬಸ್ಸಿನಲ್ಲಿ ಕೂರುವುದಕ್ಕೂ ಹುಡುಗಿ ಒಪ್ಪಲಿಲ್ಲ. ಮಲಗುವುದನ್ನೂ ಅಜ್ಜಿಯ ಕೋಣೆಗೆ ಬದಲಾಯಿಸಿಕೊಂಡಳು. ಸೊಸೆ ಒಂದೊಂದೇ ಬಾಡಿಗೆಯವರಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎನ್ನುತ್ತಿದ್ದಳು. ಹೂವಿನ ಅಂಗಡಿಯವಳ ಮಗಳು ಮಾತ್ರ ಬಿಡಲಿಲ್ಲ. ನನ್ನ ಮದುವೆಗೆ ಇನ್ನೂ ಎರಡು ತಿಂಗಳಿದೆ, ಅಷ್ಟರಲ್ಲಿ ರಿಪೇರಿ ಮಾಡಿಸಿ, ನನಗೆ ಆ ಕಾರೇ ಬೇಕು ಎಂದು ಹಟ ಹಿಡಿದಳು. ಹೀಗೆ ಹೊಸ ವೈರಿಂಗ್ ಸೆಟ್ಟಿನ ಮಾತು ಊಟದ ಮೇಜಿಗೆ ಬಂತು.

ದಾರಿ ಎರಡಿದ್ದವು. ಒಂದು, ಪೆಟ್ಟಿಗೆಯಲ್ಲಿ ಬರುವ ರೆಡಿಮೇಡ್ ಸೆಟ್ಟು. ಆ ಮಾದರಿಯ ಕಾರು ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆ ಕಟ್ಟಿದ್ದು. ಇನ್ನೊಂದು, ಪಕ್ಕದ ಊರಿನಲ್ಲಿ ಹಳೆಯ ಕಾರುಗಳಿಗೆ ಅಳತೆ ಹಿಡಿದು ಕೈಯಲ್ಲೇ ಸೆಟ್ಟು ಕಟ್ಟುವವನು. ಅವನು ಮೇಷ್ಟ್ರ ಶಿಷ್ಯನೇ. ತರಗತಿಯಲ್ಲಿ ಯಾವುದನ್ನೂ ಸುಲಭಕ್ಕೆ ನಂಬದೆ ಎದ್ದು ನಿಂತು ಕೇಳುತ್ತಿದ್ದುದರಿಂದ ಅನುಮಾನಪ್ಪ ಎಂದು ಹೆಸರು ಬಿದ್ದಿತ್ತು, ಹೆಸರಿಟ್ಟವರೂ ಮೇಷ್ಟ್ರೇ.

ಸೊಸೆ ಎರಡರ ವಿವರಪಟ್ಟಿಯನ್ನೂ ಓದಿ ನೋಡಿದ್ದಳು. "ಅನುಮಾನಪ್ಪನವರ ಹತ್ರಾನೇ ಮಾಡಿಸೋಣ ಮಾವ," ಎಂದಳು. "ನಮ್ಮ ದೊಡ್ಡಮ್ಮ ಈಗ ಕಂಪನಿಯಿಂದ ಬಂದ ಹಾಗಿಲ್ವಲ್ಲ. ನೀವು ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದ್ದೀರಿ. ರೆಡಿಮೇಡ್ ಸೆಟ್ ಹೇಗೆ ಹೊಂದುತ್ತೆ?"

ಮಾತು ನೂರಕ್ಕೆ ನೂರು ಸರಿಯಾಗಿತ್ತು. ಕಾರಿನಲ್ಲಿ ಕರೆಂಟು ಹುಟ್ಟಿಸುವ ಯಂತ್ರವನ್ನೇ ಬದಲಾಯಿಸಿದ ಮೇಲೆ ಹಳೆಯ ನಕ್ಷೆಯ ವೈರು ಹೊಂದುವುದಿಲ್ಲ. ತಮ್ಮ ವಿದ್ಯಾರ್ಥಿಯೊಬ್ಬ ಹೀಗೆ ಹೇಳಿದ್ದರೆ ಮೇಷ್ಟ್ರು ಬೆನ್ನು ತಟ್ಟುತ್ತಿದ್ದರು. ಆದರೆ ಅನುಮಾನಪ್ಪ ಸೆಟ್ಟು ಕಟ್ಟಬೇಕಾದರೆ ಸುಟ್ಟ ಹಳೆಯದನ್ನು ಅವನಿಗೆ ಕಳಿಸಬೇಕು. ಟೇಪು ಸುತ್ತಿ ಅದರ ತುದಿಯನ್ನು ಕಿವಿಯ ಹಾಗೆ ಮಡಿಸಿ ಬಿಡುವುದು ಮೇಷ್ಟ್ರ ಅಭ್ಯಾಸ. ಮೀಟರಿನ ಹಿಂದಿನ ಆ ಜೋಡಣೆಯನ್ನು ಒಂದು ಸಲ ನೋಡಿದರೂ ಇದು ಯಾರ ಕೈ ಎಂದು ಅವನಿಗೆ ಗೊತ್ತಾಗುತ್ತಿತ್ತು.

"ರೆಡಿಮೇಡೇ ಸಾಕು. ವ್ಯತ್ಯಾಸ ಇದ್ರೆ ನಾನು ಹೊಂದಿಸ್ತೀನಿ," ಎಂದರು ಮೇಷ್ಟ್ರು.

"ಯಾವ ಕಣ್ಣಲ್ಲಿ ಹೊಂದಿಸ್ತೀರಿ?" ಎಂದು ಹೆಂಡತಿ ಕೇಳಿದರು. "ನಿನ್ನೆ ಸಕ್ಕರೆ ಅಂತ ಉಪ್ಪು ಸುರ್ಕೊಂಡು ಚಹಾ ಕುಡಿದ್ರಲ್ಲ."

ಸೊಸೆ ಮತ್ತೆ ಏನೋ ಹೇಳಲು ಹೊರಟಳು. ಮಗ ಚಮಚ ಕೆಳಗಿಟ್ಟ. "ಅಪ್ಪ ಮೂವತ್ತು ವರ್ಷ ಇದನ್ನೇ ಪಾಠ ಮಾಡಿದ್ದಾರೆ. ಅವರಿಗೆ ನೀನು ಹೇಳಿಕೊಡಬೇಡ. ಸುಟ್ಟೋಳು ನೀನು."

ಅವಳು ತಟ್ಟೆ ತೆಗೆದುಕೊಂಡು ಎದ್ದಳು. ತಟ್ಟೆಯಲ್ಲಿ ಊಟ ಅರ್ಧ ಹಾಗೇ ಇತ್ತು. ಅವಳು ಹೇಳಿದ್ದು ಸರಿ ಎಂಬ ಮೂರು ಪದದ ಮಾತು ಮೇಷ್ಟ್ರ ನಾಲಿಗೆಯ ತುದಿಯಲ್ಲಿತ್ತು. ಅವರು ನೀರಿನ ಜಗ್ ಈ ಕಡೆ ಕೊಡು ಎಂದು ಮಗನಿಗೆ ಹೇಳಿದರು.

ರೆಡಿಮೇಡ್ ಸೆಟ್ಟು ಬಂತು. ಮೇಷ್ಟ್ರು ಮೂರು ಮಧ್ಯಾಹ್ನ ಶೆಡ್ಡಿನಲ್ಲಿ ಅದರ ಜೊತೆ ಗುದ್ದಾಡಿದರು. ಸೊಸೆ ಪಕ್ಕದಲ್ಲಿ ಕೂತು ಟಾರ್ಚು ಹಿಡಿದು, ಅವರ ಕಣ್ಣಿಗೆ ಕಾಣದ ಬಣ್ಣಗಳನ್ನು ಓದಿ ಹೇಳುತ್ತಿದ್ದಳು. ಕಂದಿನ ಮೇಲೆ ಹಳದಿ ಗೆರೆ ಮಾವ, ಇದು ಬರೀ ಕಂದು ಮಾವ. ನಾನು ಹೇಳಿರಲಿಲ್ಲವೇ ಎಂದು ಅವಳು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು. ಮೂರನೆಯ ದಿನ ಎರಡು ದಪ್ಪ ವೈರುಗಳು ಎಲ್ಲಿಗೂ ಸೇರದೆ ನೇತಾಡುತ್ತಿದ್ದವು. ಅವನ್ನು ಹೇಗೋ ತಿರುಚಿ ಸೇರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಈ ಸಲ ಹಿಂದಿನ ಸೀಟಿನಲ್ಲಿ ಹೂವಿನ ಅಂಗಡಿಯವಳ ಮಗಳು ಕೂತಿರುತ್ತಾಳೆ ಎಂಬುದು ನೆನಪಾಗಿ ಅವರು ಇಕ್ಕಳ ಕೆಳಗಿಟ್ಟರು.

"ಇದು ಹೊಂದಲ್ಲ. ವಾಪಸ್ ಕಳಿಸೋಣ. ಅನುಮಾನಪ್ಪನಿಗೆ ಫೋನ್ ಮಾಡು," ಎಂದರು.

ಅನುಮಾನಪ್ಪನಿಗೆ ಈಗ ನಲವತ್ತೈದು ದಾಟಿತ್ತು, ಮೇಷ್ಟ್ರು ಮಾತಾಡುತ್ತಾರೆಂದರೆ ಫೋನಿನಲ್ಲೂ ಎದ್ದು ನಿಲ್ಲುವವನು. ಹಳೆಯ ಸೆಟ್ಟನ್ನು ಇದ್ದ ಹಾಗೇ ಕಳಿಸಿ, ಒಂದು ಟೇಪನ್ನೂ ಬಿಚ್ಚಬೇಡಿ ಸಾರ್ ಎಂದ. ಬೆಂಕಿ ಎಲ್ಲಿ ಶುರುವಾಯಿತೆಂದು ತಿಳಿಯದೆ ತಾನು ಹೊಸದು ಕಟ್ಟುವುದಿಲ್ಲ ಎಂದೂ ಹೇಳಿದ.

"ಅದ್ಯಾಕೆ ಬೇಕು ನಿನಗೆ?" ಎಂದರು ಮೇಷ್ಟ್ರು ಗಡುಸಾಗಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ನೀವೇ ಕಲ್ಸಿದ್ದು ಸಾರ್. ಕಾರಣ ಗೊತ್ತಿಲ್ದೆ ರಿಪೇರಿ ಮಾಡ್ಬಾರ್ದು ಅಂತ."

ಶನಿವಾರ ಸೊಸೆ ಸುಟ್ಟ ಸೆಟ್ಟನ್ನು ಕಾರಿನಿಂದ ಬಿಡಿಸಿ, ಮಡಿಸಿ ರಟ್ಟಿನ ಪೆಟ್ಟಿಗೆಗೆ ತುಂಬಿದಳು. ಅಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಮೇಷ್ಟ್ರು ಶೆಡ್ಡಿಗೆ ಹೋಗಿ ಪೆಟ್ಟಿಗೆ ತೆರೆದರು. ಮೀಟರಿನ ಹಿಂದಿನ ಭಾಗವನ್ನು ಕೈಯಲ್ಲೇ ತಡವಿ ಹುಡುಕಿ, ಕಟ್ಟರಿನಿಂದ ಎರಡೂ ಕಡೆ ಕತ್ತರಿಸಿ, ಒಂದು ಗೇಣಿನ ಆ ತುಂಡನ್ನು ಕನ್ನಡಕದ ಹಳೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಮಾಡಿದ್ದು ಎರಡು ನಿಮಿಷದ ಕೆಲಸ. ತಮ್ಮದೇ ಮನೆಯ ಶೆಡ್ಡಿನಿಂದ ಕಳ್ಳನ ಹಾಗೆ ಆಚೀಚೆ ನೋಡಿ ಹೊರಬರುವಾಗ ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು. ಸೊಸೆ ಸಂಜೆ ಪೆಟ್ಟಿಗೆಗೆ ಟೇಪು ಹಚ್ಚಿ, ವಿಳಾಸ ಬರೆದು ಪಾರ್ಸೆಲ್ ಮಾಡಿ ಬಂದಳು.

ಐದನೆಯ ವಾರ, ಭಾನುವಾರದ ಊಟದ ಹೊತ್ತಿಗೆ ಫೋನ್ ಬಂತು. ಗುಬ್ಬಿ ಪಕ್ಕದ ಮನೆಗೆ ಆಡಲು ಹೋಗಿದ್ದಳು. ಸೊಸೆಯ ಕೈಗೆ ಎಣ್ಣೆಯಾಗಿದ್ದರಿಂದ ಮಗ ಫೋನನ್ನು ಸ್ಪೀಕರಿಗೆ ಹಾಕಿ ಬ್ರೆಡ್ಡಿನ ತಟ್ಟೆಯ ಪಕ್ಕ ಇಟ್ಟ.

ಅನುಮಾನಪ್ಪ ಮೊದಲು ಎಲ್ಲರ ಆರೋಗ್ಯ ವಿಚಾರಿಸಿದ. ಆಮೇಲೆ, "ಮೀಟರ್ ಹಿಂದೆ ಮೇನ್ ವೈರಲ್ಲಿ ಒಂದು ಗೇಣು ಇಲ್ಲ ಸಾರ್," ಎಂದ. "ಸುಟ್ಟು ಉದುರಿದ್ದಲ್ಲ. ಬೇರೆ ತುದಿ ಎಲ್ಲ ಕಪ್ಪಾಗಿವೆ, ಇಲ್ಲಿ ಮಾತ್ರ ತಾಮ್ರ ಹೊಳೀತಿದೆ. ಈಚೆಗೆ ಯಾರೋ ಕತ್ತರಿಸಿದ್ದಾರೆ. ಬೆಂಕಿ ಶುರುವಾಗಿದ್ದೂ ಅಲ್ಲೇ ಅನ್ಸುತ್ತೆ."

ಮಗ ಹೆಂಡತಿಯ ಕಡೆ ನೋಡಿದ.

"ಪ್ಯಾಕ್ ಮಾಡಿದ್ದು ನೀನು."

"ಹೌದು. ಆದರೆ ನಾನೇನೂ ಕತ್ತರಿಸಿಲ್ಲ."

"ಮತ್ತೆ ಇಲಿ ಬಂದು ಕಡಿದು ಹೋಯ್ತಾ?" ಎಂದರು ಅತ್ತೆ.

"ಚಾರ್ಜರಿಂದ ಅಂತ ಗೊತ್ತಾಗ್ಬಾರ್ದು ಅಂತ ತೆಗೆದ್ಯಾ? ಹೇಳಿಬಿಡು, ಇಲ್ಲಿ ಯಾರೂ ನಿನ್ನ ನೇಣಿಗೆ ಹಾಕಲ್ಲ," ಎಂದ ಮಗ.

ಸೊಸೆ ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಆಯ್ತು, ನಾನೇ ಕತ್ತರಿಸಿದೆ ಅಂದ್ಕೊಳ್ಳಿ. ಮಗೂನೇ ಸುಡೋಕೆ ಹೋದೋಳು. ನನಗೆ ಒಂದು ವೈರ್ ಕತ್ತರಿಸೋದೇನು ದೊಡ್ಡದು."

ಅವಳು ಅದನ್ನು ವ್ಯಂಗ್ಯಕ್ಕೆ ಹೇಳಿದ್ದಲ್ಲ. ಐದು ವಾರದಲ್ಲಿ ಅವಳು ಅದನ್ನು ನಂಬಿಬಿಟ್ಟಿದ್ದಳು. ಮೇಷ್ಟ್ರು ಎದ್ದು ತಮ್ಮ ಕೋಣೆಗೆ ಹೋದರು. ಕನ್ನಡಕದ ಪೆಟ್ಟಿಗೆ ತಂದು, ತೆರೆದು, ಫೋನಿನ ಪಕ್ಕ ಇಟ್ಟರು. ಕರಕಲಾದ ವೈರಿನ ಮೇಲೆ ಕರಗದೆ ಉಳಿದ ಟೇಪಿನ ಕಿವಿ ಎದ್ದು ಕಾಣುತ್ತಿತ್ತು.

"ಕತ್ತರಿಸಿದ್ದು ನಾನು," ಎಂದರು. "ಚಾರ್ಜಿಂಗ್ ಪಾಯಿಂಟಿಗೆ ಫ್ಯೂಸ್ ಹಾಕಿರ್ಲಿಲ್ಲ. ಮೇನ್ ವೈರಿಗೇ ನೇರ ಸೇರಿಸಿದ್ದೆ. ಬೆಂಕಿ ಹತ್ತಿದ್ದು ಅದರಿಂದ. ಚಾರ್ಜರಿಂದಲ್ಲ, ಇವಳಿಂದಲ್ಲ. ಅನುಮಾನಪ್ಪ, ಕೇಳಿಸ್ತಾ?"

"ನಾನು ಆಮೇಲೆ ಮಾಡ್ತೀನಿ ಸಾರ್," ಎಂದು ಅವನು ಫೋನ್ ಇಟ್ಟುಬಿಟ್ಟ.

ಮೇಷ್ಟ್ರ ಹೆಂಡತಿ ಮುಚ್ಚಿದ್ದ ಪಾತ್ರೆಯ ಮುಚ್ಚಳವನ್ನೇ ಇನ್ನೊಂದು ಸಲ ಮುಚ್ಚಿದರು. ಮಗನ ಮುಖ ಕೆಂಪಾಗಿತ್ತು. ಅವನು ಹೆಂಡತಿಯ ಕಡೆ ನೋಡಲಾಗದೆ ತಂದೆಯನ್ನೇ ದುರುಗುಟ್ಟಿ ನೋಡುತ್ತಿದ್ದ.

"ನಾನು ಅವತ್ತು ಕೇಳಿದ್ನಲ್ಲ ಅಪ್ಪ."

"ಹೌದು, ನೀನು ಕೇಳಿದ್ದೆ."

"ಐದು ವಾರ," ಎಂದಳು ಸೊಸೆ. "ಗುಬ್ಬಿ ನನ್ನ ಪಕ್ಕ ಕೂರ್ತಿರ್ಲಿಲ್ಲ. ನಾನು ಅವಳ ಮುಖ ನೋಡೋಕೆ ಹೆದರ್ತಿದ್ದೆ. ನಿಮಗೆ ಅದು ಕಾಣ್ತಿತ್ತು ತಾನೆ ಮಾವ?"

"ಕಾಣ್ತಿತ್ತು."

ನೆಲ ಬಾಯಿ ಬಿಟ್ಟರೆ ಸಾಕು ಎಂದು ಮೇಷ್ಟ್ರಿಗೆ ಅನಿಸಿತು. ನಿನ್ನ ತಾಯಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ, ಬೇಕಾದರೆ ಬೀದಿಯವರಿಗೆಲ್ಲ ಹೇಳುತ್ತೇನೆ ಎಂದು ತಡವರಿಸಿದರು. ಸೊಸೆ ಕೇಳಿಸಿಕೊಂಡು, "ಅವರಿಗೆಲ್ಲ ನಾನು ಹೇಳ್ಕೋತೀನಿ. ಗುಬ್ಬಿಗೆ ನೀವು ಹೇಳಿ," ಎಂದಳು. ಆಮೇಲೆ ಅತ್ತೆಯ ಎದುರು ಕೈ ಚಾಚಿ ನಿಂತಳು. ಅತ್ತೆ ಬೀರು ತೆಗೆದು ಕೀ ಕೊಟ್ಟರು, ಏನೂ ಅನ್ನಲಿಲ್ಲ. ಐವತ್ತು ವರ್ಷದ ಸಂಸಾರದಲ್ಲಿ ಅವರು ಏನೂ ಅನ್ನದೆ ಇದ್ದ ಮಧ್ಯಾಹ್ನ ಅದೊಂದೇ.

ಸಂಜೆ ಗುಬ್ಬಿ ಬಂದಳು, ಉಂಡಳು, ಮಲಗಿದಳು. ಮೇಷ್ಟ್ರಿಗೆ ಹೇಳಲಾಗಲಿಲ್ಲ. ಸೋಮವಾರವೂ ಆಗಲಿಲ್ಲ. ಮಂಗಳವಾರ ಅನುಮಾನಪ್ಪ ಮತ್ತೆ ಫೋನ್ ಮಾಡಿದ. ಮೇಷ್ಟ್ರು ಎತ್ತಿದರೆ, ಅಕ್ಕನಿಗೆ ಕೊಡಿ ಸಾರ್ ಎಂದ. ಬಟ್ಟೆ ಹೊದಿಕೆಯ ಸೆಟ್ಟು ಬೇಕೋ ಪ್ಲಾಸ್ಟಿಕ್ಕಿನದೋ, ಹಳೆಯ ಕಾಲದ ಹಾಗೆ ಎರಡೇ ಫ್ಯೂಸೋ ಇಲ್ಲ ಜಾಸ್ತಿಯೋ ಎಂದು ಸೊಸೆಯನ್ನೇ ಕೇಳಿದ. ಅವಳು ಅಡುಗೆಮನೆಯ ಗೋಡೆಗೆ ಒರಗಿ, ನಿಧಾನವಾಗಿ ಯೋಚಿಸಿ ಉತ್ತರ ಕೊಟ್ಟಳು. ಹೊದಿಕೆ ಬಟ್ಟೆಯದೇ ಇರಲಿ, ಅದು ದೊಡ್ಡಮ್ಮನಿಗೆ ಒಪ್ಪುತ್ತೆ. ಒಳಗಿನ ವೈರು ಈ ಕಾಲದ್ದು ಹಾಕಿ. ದೀಪಕ್ಕೊಂದು, ಹಾರನ್ನಿಗೊಂದು, ಚಾರ್ಜಿಂಗ್ ಪಾಯಿಂಟಿಗೊಂದು, ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಫ್ಯೂಸ್ ಬೇಕು. ಮೇಷ್ಟ್ರನ್ನು ಒಂದು ಮಾತು ಕೇಳುವುದಿಲ್ಲವೇ ಎಂದು ಆ ಕಡೆಯಿಂದ ಅವನು ಕೇಳಿರಬೇಕು.

"ಬೇಡ, ನಾನು ಹೇಳಿದ್ದೇ ಕೊನೆ," ಎಂದಳು. ಫೋನ್ ಇಟ್ಟು, ತಿರುಗಿ ನೋಡದೆ, "ಇನ್ನೂ ಗುಬ್ಬಿಗೆ ಹೇಳಿಲ್ಲ ನೀವು," ಎಂದಳು.

ಅವತ್ತು ಶಾಲೆ ಬಿಡುವ ಹೊತ್ತಿಗೆ ಮೇಷ್ಟ್ರೇ ಹೋದರು. ಗೇಟಿನಿಂದ ಎರಡು ತಿರುವು ದಾಟಿದ ಮೇಲೆ, ಒಂದು ಕಾಂಪೌಂಡಿನ ನೆರಳಲ್ಲಿ ನಿಂತು ಎಲ್ಲವನ್ನೂ ಹೇಳಿದರು. ಗುಬ್ಬಿ ಅವರ ಬೆರಳು ಬಿಟ್ಟಳು.

"ಹಾಗಾದ್ರೆ ಅಮ್ಮ ಅಲ್ವಾ?"

"ಅಲ್ಲ ಮರಿ."

"ಅಮ್ಮಂಗೆ ಬೈಯುವಾಗ ನೀವೂ ಅಲ್ಲೇ ಇದ್ರಿ. ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತು."

"ಈಗ ಆಗ್ತಿಲ್ವಾ?"

"ಈಗ ಇನ್ನೂ ಜಾಸ್ತಿ ಆಗ್ತಿದೆ."

ಗುಬ್ಬಿಯ ತುಟಿ ಅದುರಿತು. "ನಾನು ಕ್ಲಾಸಲ್ಲಿ ಎಲ್ಲರಿಗೂ ಹೇಳ್ಬಿಟ್ಟೆ ತಾತ, ನಮ್ಮಮ್ಮ ಕಾರಿಗೆ ಬೆಂಕಿ ಹಚ್ಚಿದ್ಳು ಅಂತ. ಟೀಚರ್‌ಗೂ ಹೇಳ್ದೆ. ಅಮ್ಮ ಯಾವತ್ತಾದ್ರೂ ಸ್ಕೂಲಿಗೆ ಬಂದ್ರೆ ಎಲ್ಲಾರೂ ಬೆಂಕಿ ಬಂತು ಬೆಂಕಿ ಬಂತು ಅಂತಾರೆ. ನಾನೂ ನಗ್ತಿದ್ದೆ."

ಅವಳು ಅಳತೊಡಗಿದಳು. ತಮ್ಮ ನಾಚಿಕೆ ತಮ್ಮಲ್ಲೇ ಇದೆ ಎಂದುಕೊಂಡಿದ್ದ ಮೇಷ್ಟ್ರು, ಅದು ಈ ಪುಟ್ಟ ಹುಡುಗಿಯ ಮೈಗೂ ಹತ್ತಿದ್ದನ್ನು ನೋಡಿದರು. ಅವಳ ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟರು.

ತರಗತಿಯಲ್ಲಿ ಟೀಚರ್ ಬೋರ್ಡು ಒರೆಸುತ್ತಿದ್ದರು. ಬಸ್ಸಿಗೆ ಕಾಯುವ ಹತ್ತು ಹನ್ನೆರಡು ಮಕ್ಕಳು ಬೆಂಚಿನ ಮೇಲಿದ್ದರು. ಮೂವತ್ತೊಂದು ವರ್ಷ ಮಕ್ಕಳ ಮುಂದೆ ನಿಂತವರಿಗೆ ಆ ಹತ್ತು ಹೆಜ್ಜೆ ನಡೆದು ಮುಂದೆ ನಿಲ್ಲುವುದು ಕಷ್ಟವಾಯಿತು. ಟೀಚರ್ ಅನುಮತಿ ಕೊಟ್ಟ ಮೇಲೆ ಅವರು, "ಗುಬ್ಬಿಯ ಅಮ್ಮ ಕಾರಿಗೆ ಬೆಂಕಿ ಹಚ್ಚಿಲ್ಲ. ನಾನು ಸರಿಯಾಗಿ ಕೆಲಸ ಮಾಡದೆ ಬೆಂಕಿ ಹತ್ತಿತು. ಅವಳು ಮಗಳನ್ನ ಎಳ್ಕೊಂಡು ಉಳಿಸಿದ್ಳು. ನಾನು ಅದನ್ನ ಮುಚ್ಚಿಟ್ಟು ಗುಬ್ಬಿ ಬಾಯಲ್ಲಿ ಸುಳ್ಳು ಹೇಳಿಸಿದೆ," ಎಂದರು.

ಕೊನೆಯ ಬೆಂಚಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. "ಇಷ್ಟು ದೊಡ್ಡವರು ಸುಳ್ಳು ಹೇಳಿದ್ರೆ ಯಾರು ಬೈತಾರೆ?"

ಗೊತ್ತಿಲ್ಲ ಎಂದೇ ಮೇಷ್ಟ್ರು ಹೇಳಿದರು.

ಮನೆಯ ಬೀದಿ ಬಂದ ಕೂಡಲೇ ಗುಬ್ಬಿ ಓಡಿದಳು. ಮೇಷ್ಟ್ರು ಚೀಲ ಹೊತ್ತು ಹಿಂದಿನಿಂದ ನಿಧಾನಕ್ಕೆ ಬರುವಷ್ಟರಲ್ಲಿ ಅವಳು ಅಡುಗೆಮನೆಯಲ್ಲಿ ಅಮ್ಮನ ಸೊಂಟಕ್ಕೆ ಮುಖ ಒತ್ತಿ ನಿಂತಿದ್ದಳು. ಸೊಸೆಯ ಕೈ ಅವಳ ತಲೆಯ ಮೇಲಿತ್ತು. ಮೇಷ್ಟ್ರನ್ನು ನೋಡಿ ಸೊಸೆ ಕಣ್ಣು ತೆಗೆದು ಒಲೆಯ ಕಡೆ ತಿರುಗಿದಳು. ಆ ಸಂಜೆ ಊಟಕ್ಕೆ ಗುಬ್ಬಿ ಅಮ್ಮನ ಪಕ್ಕದ ಕುರ್ಚಿಗೇ ಅಂಟಿಕೊಂಡು ಕೂತಳು. ಮೇಷ್ಟ್ರನ್ನು ಯಾರೂ ಊಟಕ್ಕೆ ಕರೆಯಲಿಲ್ಲ. ಅವರು ತಾವೇ ಹೋಗಿ ಒಂದು ತಟ್ಟೆ ತೆಗೆದುಕೊಂಡು ಬಂದು ಕೂತರು.